ಭಂಡಾರ ಮುಟ್ಟಿ ಹೇಳಿದ ಸುಳ್ಳು

ಕುರಿ ತರುಬಲು ಹೇಳಿದವಳು ನಾನೇ. ಬೀರಪ್ಪ ಕಾಕಾ ನನ್ನನ್ನು ಕೇಳಿದ್ದ, ನಾನು ಒಪ್ಪಿದ್ದೆ. ಆಮೇಲೆ ನಾಲ್ಕು ಜನರ ಮುಂದೆ, ನನಗೆ ಗೊತ್ತೇ ಇಲ್ಲ ಎಂದುಬಿಟ್ಟೆ. ಇಷ್ಟೇ ವಿಷಯ. ಎರಡು ಸಾಲಿನಲ್ಲಿ ಮುಗಿಯುವ ಇದನ್ನು ಹೇಳಲು ಹತ್ತು ವರ್ಷದ ಮೇಲಾಯಿತು — ಈಗಲೂ ನೋಡಿ, ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಕಾಯಿಸಿದ ಹಾಲನ್ನೇ ಮತ್ತೊಮ್ಮೆ ಕಾಯಿಸಿ ಬಂದೆ. ಬಾಗಿಲಿಗೆ ಯಾರೋ ಬಂದಂತಾಯಿತೆಂದು ಎದ್ದು ಹೋದೆ. ಯಾರೂ ಇರಲಿಲ್ಲ.

ಖಾಲಿ ಹೊಲದಲ್ಲಿ ರಾತ್ರಿ ಮಂದೆಯನ್ನು ನಿಲ್ಲಿಸಿ, ಹಿಕ್ಕೆ ಗಂಜಲ ನೆಲಕ್ಕೆ ಬೀಳುವಂತೆ ಮಾಡುವುದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲವೆಂದು ರೈತರು ಕುರುಬರನ್ನು ಕರೆದು, ಕಾಳುಕಡಿ ಕೊಟ್ಟು ತರುಬಿಸಿಕೊಳ್ಳುತ್ತಾರೆ. ಆದರೆ ಕೇಳದೆ ಯಾರ ಹೊಲಕ್ಕೂ ಮಂದೆ ಇಳಿಸುವಂತಿಲ್ಲ. ಹಾಗೆ ಇಳಿಸಿದವನೆಂಬ ಹೆಸರು ಬಂದರೆ ಅವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನನ್ನ ಪೆನ್ನೇ ನನಗೆ ವಕೀಲಿ ಮಾಡೀತು.

ನಾನು ತಿಪಟೂರಿನ ಕಡೆಯವಳು, ಪದ್ಮಾವತಿ. ಕೃಷ್ಣೆಯ ಹಿನ್ನೀರು ಬೀಳಗಿ ತಾಲ್ಲೂಕಿನ ಹೊಲಗಳೊಳಗೆ ಏರಿ ಬಂದ ಹೊಸತರಲ್ಲಿ, ಆ ನೀರಿನ ದಂಡೆಗೆ ಒಂದು ಸಂಶೋಧನಾ ಕೇಂದ್ರ ತೆರೆದಿದ್ದರು. ಕೇಂದ್ರ ಎಂದರೆ ದೊಡ್ಡ ಮಾತಾಯಿತು — ಎರಡು ಕೋಣೆ, ಒಂದು ತಗಡಿನ ಶೆಡ್ಡು, ಮಳೆ ಅಳೆಯುವ ಡಬ್ಬಿ, ಬೋರಿನ ನಲ್ಲಿ, ಮತ್ತು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದ ಕಪ್ಪು ಹೊಲ. ನೀರು ಪಕ್ಕಕ್ಕೆ ಬಂದು ನಿಂತರೆ ಮಣ್ಣಿನ ಉಪ್ಪು ಮೇಲೇಳುತ್ತದೆ, ಹೊಲ ಸವಳಾಗುತ್ತದೆ. ಅಂಥ ಮಣ್ಣಿಗೆ ಯಾವ ಗೊಬ್ಬರ ಹಾಕಿದರೆ ಜೋಳ ಬಂದೀತು ಎಂದು ನೋಡುವುದು ನಮ್ಮ ಕೆಲಸ. ಹಳೆಯ ಊರು ಮುಳುಗಿ ಜನ ದೂರದ ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದರು. ಬಾಡಗಂಡಿಯ ಹತ್ತಿರ ಬಸ್ಸಿಳಿದು, ಕಬ್ಬಿನ ಗಾಡಿ ಸಿಕ್ಕರೆ ಹತ್ತಿ, ಇಲ್ಲದಿದ್ದರೆ ನಡೆದು ಅಲ್ಲಿಗೆ ಸೇರಬೇಕು. ನಾನು ಹಂಗಾಮಿ ಸಹಾಯಕಿ. ಕಾವಲಿಗೆ ಸಂಗಪ್ಪ ಎಂಬ ಹಿರಿಯ ಇದ್ದ; ಹೊಲಮನೆ ನೀರಿಗೆ ಹೋದ ಮೇಲೆ ಈ ಕೆಲಸಕ್ಕೆ ಬಂದವನು. ಮೇಲಿನ ವಿಜ್ಞಾನಿ, ನಮ್ಮ ಸರ್, ಆಗೀಗ ಜೀಪಿನಲ್ಲಿ ಬಂದು ಹೋಗುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ನಾನು ಅಲ್ಲಿ ಹುಚ್ಚಿಯಾಗುವುದೊಂದು ಬಾಕಿ. ಮಾತಾಡಲು ಯಾರೂ ಇಲ್ಲ. ಸಂಗಪ್ಪ ಮಾತಾಡಿದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನಾನು ಮಾತಾಡಿದರೆ ಅವನು ನಗುತ್ತಿದ್ದ. ಸರ್ ಮಾತ್ರ ಬಂದಾಗಲೆಲ್ಲ ಊರವರ ಜೊತೆ ಬೆರೆಯಬೇಕು, ಬೆರೆಯದೆ ಸಂಶೋಧನೆ ಇಲ್ಲ ಎಂದು ಹೇಳಿ ಹೋಗುವರು. ಬೆರೆಯಲು ಊರೇ ಇಲ್ಲವಲ್ಲ ಸರ್ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಒಮ್ಮೆ ಅವರೇ ರೈತರ ದಿನ ಎಂದು ಬ್ಯಾನರ್ ಕಟ್ಟಿಸಿದರು, ಬೀಳಗಿಯಿಂದ ಬಾಡಿಗೆ ಕುರ್ಚಿ ತರಿಸಿದರು, ಚುರುಮುರಿ ಕಲಸಿ ಚಹಾ ಕುದಿಸಿದೆವು. ಒಂದು ನಾಯಿ ಬಂತು. ಸಂಜೆ ಕುರ್ಚಿ ಮಡಚುತ್ತ ಸಂಗಪ್ಪ, ಯಾರನ್ನೂ ನೋಡದೆ, "ಚಿಕ್ಕಪಡಸಲಗ್ಯಾಗ ಬ್ಯಾರೇಜ್ ಕಟ್ಟೂಮುಂದ ಯಾರೂ ಬ್ಯಾನರ್ ಕಟ್ಟಿರಲಿಲ್ರಿ. ಆದ್ರೂ ಮಂದಿ ಬಂದಿದ್ರು," ಎಂದ. ರೈತರೇ ಸೇರಿ ಕಟ್ಟಿದ ಆ ಬ್ಯಾರೇಜಿಗೆ ಅವನೂ ಕಲ್ಲು ಹೊತ್ತವನು.

ನನ್ನನ್ನು ಆ ನೆಲಕ್ಕೆ ಸೇರಿಸಿದ್ದು ಬೋರಿನ ನಲ್ಲಿ. ನಮ್ಮ ಜಾಗದ ಅಂಚಿನಲ್ಲೊಂದು ಹಳೆಯ ಕಾಲುದಾರಿ ನೀರಿಗೆ ಇಳಿಯುತ್ತಿತ್ತು. ಉಳಿದ ದಾರಿಗಳನ್ನೆಲ್ಲ ಹಿನ್ನೀರು ನುಂಗಿತ್ತು. ಬೀರಪ್ಪ ಕಾಕಾನ ಕುರಿಗಳು ಅದೇ ದಾರಿಯಲ್ಲಿ ನೀರಿಗೆ ಹೋಗಿ ಬರುತ್ತಿದ್ದವು. ಅವನ ಹೆಂಡತಿ ಯಲ್ಲವ್ವ ಕುಡಿಯುವ ನೀರಿಗೆ ನಮ್ಮ ನಲ್ಲಿಗೆ ಬರುವಳು. ಒಂದು ದಿನ ನನ್ನ ಅಡುಗೆಮನೆಗೆ ಇಣುಕಿ, ನಾನು ಬಡಿಯುತ್ತಿದ್ದ ರೊಟ್ಟಿಯನ್ನು ನೋಡಿ, ಬಾಯಿಗೆ ಸೆರಗಿಟ್ಟುಕೊಂಡು ನಕ್ಕು ಒಳಗೇ ಬಂದುಬಿಟ್ಟಳು. ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಬಡಿದಳು. ಮಾರನೆಯ ದಿನವೂ ಬಂದಳು. ನಾನು ರೊಟ್ಟಿ ಕಲಿಯುವ ಹೊತ್ತಿಗೆ ಪದ್ಮಾವತಿ ಹೋಗಿ ಪದ್ದವ್ವ ಆಗಿದ್ದೆ, ಅವಳು ನನಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಆಗಿದ್ದಳು. ನನ್ನ ಮಾತನ್ನು ಅವಳು ಅಣಕಿಸುತ್ತಿದ್ದಳು, ನಾನು ಅವಳದನ್ನು ಕಲಿಯುತ್ತಿದ್ದೆ. ಮನೆಯಿಂದ ಕಾಗದ ಬಂದರೆ ಅವಳೇ ಮೊದಲು ಕೇಳುವಳು, ನಿಮ್ಮವ್ವ ಆರಾಮ ಅದಾಳೇನು ಎಂದು. ನನ್ನ ತಾಯಿಯನ್ನು ಅವಳು ಕಂಡವಳೇ ಅಲ್ಲ.

ಕಾಕಾ ಡೊಳ್ಳಿನ ಪದ ಹಾಡುವವನು. ಬೀರೇಶ್ವರನ ಒಕ್ಕಲು, ಸೊಂಟದಲ್ಲಿ ಭಂಡಾರದ ಚಿಕ್ಕ ಚೀಲ ಯಾವಾಗಲೂ ಇರುತ್ತಿತ್ತು. ಬೆಳಿಗ್ಗೆ ಆ ಅರಿಸಿನದ ಪುಡಿ ಹಣೆಗೆ ಹಚ್ಚದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸಂಜೆ ಕುರಿ ನೀರು ಕುಡಿದು ಬರುವಾಗ ನಮ್ಮ ಸಿಮೆಂಟಿನ ಕಟ್ಟೆಯ ಮೇಲೆ ಕೂತು, ಡೊಳ್ಳಿಲ್ಲದಿದ್ದರೆ ತೊಡೆ ಬಡಿದುಕೊಂಡೇ ಒಂದೆರಡು ಪದ ಹೇಳುತ್ತಿದ್ದ. ಅಕ್ಕಪಕ್ಕದ ತೋಟದವರೂ ಬರತೊಡಗಿದರು, ಸಂಗಪ್ಪ ಚಹಾ ಕುದಿಸುವನು. ಬ್ಯಾನರ್ ಕಟ್ಟಿದರೆ ಬಾರದ ಜನ. ಒಮ್ಮೆ ಯಾರದೋ ಕುರಿ ಕಳೆದ ಜಗಳಕ್ಕೆ ಕಾಕಾ ಭಂಡಾರ ಮುಟ್ಟಿ ನಾನು ನೋಡಿಲ್ಲ ಎಂದ, ಅಲ್ಲಿಗೆ ಜಗಳ ಮುಗಿಯಿತು. ಭಂಡಾರ ಮುಟ್ಟಿದ ಮೇಲೆ ಮುಂದೆ ಮಾತಿಲ್ಲ, ಸುಳ್ಳು ಹೇಳಿದರೆ ದೇವರ ಮುಂದೆ ನಿಲ್ಲುವ ಮುಖ ಇರುವುದಿಲ್ಲ ಎಂದು ಸಂಗಪ್ಪ ನನಗೆ ತಿಳಿಸಿ ಹೇಳಿದ್ದ.

ಕುರಿ ತರುಬಿದ ಪಟ್ಟಿಯ ಸಂಗತಿಗೆ ಬರುತ್ತೇನೆ. ಬಂದೆ, ಬಂದೆ — ಸುತ್ತಿ ಬಳಸುತ್ತಿದ್ದೇನೆಂದು ನನಗೂ ಗೊತ್ತು.

ಪ್ರಯೋಗದಲ್ಲಿ ಒಂದು ಪಟ್ಟಿಗೆ ಏನನ್ನೂ ಹಾಕುವುದಿಲ್ಲ. ಗೊಬ್ಬರ ಹಾಕಿದ ಪಟ್ಟಿಗಳಲ್ಲಿ ಬೆಳೆ ಎಷ್ಟು ಹೆಚ್ಚು ಬಂತೆಂದು ತಿಳಿಯಬೇಕಾದರೆ ಹೋಲಿಸಿ ನೋಡಲು ಒಂದು ಬರಿಯ ಪಟ್ಟಿ ಬೇಕು. ಅದು ಕೆಟ್ಟರೆ ಉಳಿದದ್ದಕ್ಕೆಲ್ಲ ಅರ್ಥವಿಲ್ಲ. ಚಿಗವ್ವ ಅದಕ್ಕೆ ಉಪವಾಸದ ಪಟ್ಟಿ ಎಂದು ಹೆಸರಿಟ್ಟಿದ್ದಳು. ಪಕ್ಕದ ಪಟ್ಟಿಗಳಲ್ಲಿ ಜೋಳ ಎದೆಮಟ್ಟ ಬಂದರೆ ಇಲ್ಲಿ ಮೊಣಕಾಲುದ್ದ, ಅದೂ ಹಳದಿ. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿ ಮರುಗುತ್ತಿದ್ದರು. ಯಾಕೆ ಹಾಕಬಾರದೆಂದು ನಾನು ವಿವರಿಸಿದ್ದೆ, ತಲೆಯಾಡಿಸಿದ್ದರು. ಆದರೆ ನೆಲವನ್ನು ಬೇಕೆಂದೇ ಹಸಿವಿನಲ್ಲಿ ಇಡುತ್ತಾರೆ ಎಂಬುದು ಅವರಿಗೆ ನುಂಗಲಾಗದ ಮಾತು. ಹುಡುಗಿಗೆ ಗೊಬ್ಬರ ಸಾಲಲಿಲ್ಲ, ಹೇಳಿಕೊಳ್ಳಲು ನಾಚಿಕೆ, ಅದಕ್ಕೆ ಹೀಗೊಂದು ಕತೆ ಹೇಳುತ್ತಾಳೆ — ಎಂದು ಎಣಿಸಿದ್ದರೆಂದು ಕಾಣುತ್ತದೆ.

ಸುಗ್ಗಿ ಮುಗಿದು ಹೊಲ ಖಾಲಿಯಾಗಿತ್ತು. ಯುಗಾದಿಗೆ ನಾನು ಊರಿಗೆ ಹೊರಟಿದ್ದೆ. ಚಿಗವ್ವ ಮಗಳ ಬಾಣಂತನಕ್ಕೆ ಮುಧೋಳಕ್ಕೆ ಹೋಗಿದ್ದಳು. ಬ್ಯಾಗು ಹಿಡಿದು ದಾರಿಗೆ ಬಂದರೆ ಕಾಕಾ ಮಂದೆಯೊಂದಿಗೆ ಎದುರಾದ. ಕೋಲು ಊರಿ ನಿಂತು, ಸ್ವಲ್ಪ ಸಂಕೋಚದಿಂದಲೇ ಕೇಳಿದ.

"ತಂಗಿ, ತವರಮನಿಗೆ ಹೊಂಟೀದಿ. ನಿನಗ ಉಡಿ ತುಂಬಾಕ ನಿಮ್ಮ ಚಿಗವ್ವ ಇಲ್ಲ. ಆ ಉಪಾಸದ ಪಟ್ಟಿಗೆ ಒಂದ್ ರಾತ್ರಿ ಕುರಿ ತರಬ್ತೇನಿ. ಹೂಂ ಅಂತೀಯೇನು?"

ಆ ಕಡೆ ಮಗಳಂಥವಳನ್ನೂ ತಂಗಿ ಎನ್ನುತ್ತಾರೆ; ಮಗಳ ಹೊಲಕ್ಕೆ ತಂದೆ ಪುಕ್ಕಟೆ ಕುರಿ ತರುಬುವುದು ಅವರಲ್ಲಿ ಉಡಿ ತುಂಬಿದಂತೆಯೇ. ಬೇಡ ಕಾಕಾ, ಪ್ರಯೋಗ ಕೆಡುತ್ತದೆ ಎನ್ನಬೇಕಿತ್ತು. ಅಷ್ಟು ಹೇಳಲು ಎಷ್ಟು ಹೊತ್ತು? ಆದರೆ ಆ ಮುಖ ಬಾಡುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ — ಅಲ್ಲ, ಅದೂ ಪೂರ್ತಿ ನಿಜವಲ್ಲ. ಮಗಳು ಅನ್ನಿಸಿಕೊಂಡದ್ದು ಹಿತವಾಗಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಒಂದು ಪಟ್ಟಿ ತಾನೇ, ನಾನು ಬಂದು ಬಾಚಿ ತೆಗೆದರಾಯಿತು, ಸರ್ ಈಗ ಎಲ್ಲಿ ಬರುತ್ತಾರೆ ಎಂದುಕೊಂಡೆ.

"ತರಬ್ರಿ ಕಾಕಾ," ಎಂದೆ. ಅವರ ಮಾತಿನಲ್ಲೇ ಎಂದೆ. ಅವನು ನಕ್ಕ.

ನಾನು ಹಬ್ಬ ಮುಗಿಸಿ ಬಂದಾಗ ಜೀಪು ಅಂಗಳದಲ್ಲೇ ನಿಂತಿತ್ತು. ಬ್ಯಾಗು ಕೆಳಗಿಡುವ ಮೊದಲೇ ಸರ್ ಕರೆದರು. ಉಪವಾಸದ ಪಟ್ಟಿಯ ಪಕ್ಕ ನಿಂತಿದ್ದರು. ನೆಲದ ತುಂಬ ಕಪ್ಪು ಹಿಕ್ಕೆ, ಹರಡಿದ ಹಾಗೆ, ಒಂದಿಂಚೂ ಬಿಡದೆ. ಕಾಕಾ ಎಷ್ಟು ಪ್ರೀತಿಯಿಂದ ಮಂದೆಯನ್ನು ಸರಿಸಿ ಸರಿಸಿ ನಿಲ್ಲಿಸಿದ್ದನೋ. ಅವನನ್ನೂ ಕರೆಸಿದ್ದರು. ಡ್ರೈವರ್ ಇದ್ದ, ಸಂಗಪ್ಪ ಇದ್ದ. ವರ್ಷಗಳ ಕೆಲಸ ಮಣ್ಣುಪಾಲಾಯಿತು ಎಂದರು ಸರ್. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಅವರು ಕೂಗಾಡಲಿಲ್ಲ. ನಾನು ಬರುವ ಮುನ್ನ ಕಾಕಾ ಏನೂ ಬಾಯಿ ಬಿಟ್ಟಿರಲಿಲ್ಲವಂತೆ. ನಾನು ಬರಲೆಂದು ಕಾದಿದ್ದ. ನನ್ನನ್ನು ಕಂಡು ಅವನ ಮುಖ ಸಡಿಲಾಯಿತು. ತಂಗಿ ಬಂದಳು, ಇನ್ನು ಹೇಳುತ್ತಾಳೆ ಎಂಬ ಹಾಗೆ.

ಸಂಗಪ್ಪ ಅವನ ಪರವಾಗಿ ನಿಂತ. ಬೀರಪ್ಪ ಕೇಳದೆ ಇನ್ನೊಬ್ಬರ ಹೊಲಕ್ಕೆ ಮಂದೆ ಇಳಿಸುವವನಲ್ಲ, ಯಾರೋ ಹೂಂ ಅಂದಿರಲೇಬೇಕು ಎಂದ. ಸರ್ ನನ್ನ ಕಡೆ ತಿರುಗಿದರು. ನೀವೇನಾದರೂ ಹೇಳಿದ್ದಿರಾ ಎಂದರು.

"ನನಗೆ ಗೊತ್ತಿಲ್ಲ ಸರ್. ನಾನು ಊರಿಗೆ ಹೋಗಿದ್ದೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಹಂಗಾಮಿ ಕೆಲಸ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಭಯ — ಇತ್ತು, ಹೌದು. ಅದನ್ನು ಇಲ್ಲಿ ಬರೆದು ಯಾರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳಲಿ?

ಸಂಗಪ್ಪ ಪಾಪ ಇನ್ನೂ ಬಿಡಲಿಲ್ಲ. ಗೆಳೆಯನನ್ನು ಉಳಿಸುವ ಒಂದೇ ದಾರಿ ಅವನಿಗೆ ಗೊತ್ತಿತ್ತು. "ಬೀರಪ್ಪಾ, ಭಂಡಾರ ಮುಟ್ಟಿ ಹೇಳೋ. ಯಾರ್ನರ ಕೇಳಿದ್ದಿಯೋ ಇಲ್ಲೋ?"

ಕಾಕಾ ಸೊಂಟದ ಚೀಲ ಬಿಚ್ಚಿದ. ಬಿಚ್ಚುತ್ತ ಒಮ್ಮೆ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ — ಸಿಟ್ಟಿದ್ದಿದ್ದರೆ ನಾನು ಇಂದು ಹೀಗೆ ಎದ್ದು ಕೂತು ಮಾಡುತ್ತಿರಲಿಲ್ಲ. ಹೆದರಿದ ಕುರಿಮರಿಯನ್ನು ನೋಡುವಂತೆ ನೋಡಿದ. ನಾನು ನೆಲ ನೋಡಿದೆ. ಅವನು ಬೆರಳನ್ನು ಭಂಡಾರದಲ್ಲಿ ಅದ್ದಿದ.

"ಯಾರ್ನೂ ಕೇಳಿಲ್ರಿ ಸಾಹೇಬ್ರ. ಆಕಿಗೆ ಗೊತ್ತಿಲ್ಲ. ನಾನ ಇಳಿಸೀನಿ."

ಆಣೆ ಮಾಡಿದ ಮೇಲೆ ಆ ಬೆರಳನ್ನು ಹಣೆಗೆ ಒತ್ತಿಕೊಳ್ಳುವುದು ರೂಢಿ. ಅವನು ಒತ್ತಿಕೊಳ್ಳಲಿಲ್ಲ. ಬೆರಳನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಹೆಗಲ ಕಂಬಳಿಗೆ ಒರೆಸಿಕೊಂಡ. ಉಳಿದವರು ಅದನ್ನು ಗಮನಿಸಿದರೋ ಇಲ್ಲವೋ, ನಾನು ಗಮನಿಸಿದೆ. ಸಂಗಪ್ಪ ಮುಖ ತಿರುಗಿಸಿ ಶೆಡ್ಡಿನ ಕಡೆ ಹೋದ.

ತಿಂಗಳೊಳಗೆ ತಂತಿಬೇಲಿ ಬಂತು. ನೀರಿಗಿಳಿಯುವ ದಾರಿಗೂ ಅಡ್ಡ ಬಂತು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಕುರಿಗಳು ಬೇಲಿಯ ಆಚೆ ನಿಂತು ಒದರುವುದು ನನ್ನ ಕೋಣೆಗೆ ಕೇಳುತ್ತಿತ್ತು. ನಲ್ಲಿಗೆ ಯಾರೂ ಬರಕೂಡದೆಂದಾಯಿತು. ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ಸಂಗಪ್ಪ ನನ್ನೊಡನೆ ಕೆಲಸದ ಮಾತಷ್ಟೇ ಆಡುವನು. ಅವನಿಗೆ ಅನುಮಾನವಿತ್ತೋ, ಗೆಳೆಯ ಕೈಕೊಟ್ಟನೆಂಬ ನೋವೋ, ನಾನು ಕೇಳಲಿಲ್ಲ. ಕೇಳದೆ ಮಂದೆ ಇಳಿಸುವವನೆಂಬ ಮಾತು ಸುತ್ತಮುತ್ತ ಹಬ್ಬಿ, ತೋಟದವರು ಕಾಕಾನನ್ನು ಕರೆಯುವುದನ್ನು ಬಿಟ್ಟರು.

ಇದರ ಮೇಲೊಂದು ಇದೆ. ಇದನ್ನು ಬರೆಯಲೋ ಬೇಡವೋ ಎಂದು ಅಂಗಳಕ್ಕೆ ಹೋಗಿ ಬಂದೆ. ಮುಧೋಳದಿಂದ ಮರಳಿದ ಚಿಗವ್ವ ಒಂದು ದಿನ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದಳು. ತಂತಿಯ ಮೇಲಿಂದ ರೊಟ್ಟಿಯ ಗಂಟು ಕೊಟ್ಟಳು. ಕೇಳದೆ ತರುಬಿ ನಿನ್ನ ನೌಕರಿಗೆ ಕುತ್ತು ತಂದ ಮುದುಕ, ಅವನಿಗೆ ಬುದ್ಧಿಯಿಲ್ಲ, ನೀನು ಹೊಟ್ಟೆಯಲ್ಲಿ ಹಾಕಿಕೋ ಎಂದು ನನ್ನ ಕ್ಷಮೆ ಕೇಳಿದಳು! ಹೆಂಡತಿಗೂ ಅವನು ನಿಜ ಹೇಳಿರಲಿಲ್ಲ. ನಾನು ಏನು ಮಾಡಿದೆ? ಇರಲಿ ಬಿಡಿ ಚಿಗವ್ವ ಎಂದೆ. ಕ್ಷಮಿಸಿದೆ, ಮಹಾತಾಯಿ! ಆ ರೊಟ್ಟಿಯನ್ನು ತಿಂದೆ ಕೂಡ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಜಂತೆಯನ್ನೇ ಕಿತ್ತುಕೊಂಡು ಬಂದವಳು.

ಮಳೆಗಾಲದ ಮುಂಚೆ ಅವರು ಆ ಜಾಗ ಬಿಟ್ಟು ಹೋದರು. ಆ ವರ್ಷ ಉಪವಾಸದ ಪಟ್ಟಿಯಲ್ಲಿ ಜೋಳ ಎಲ್ಲ ಪಟ್ಟಿಗಳಿಗಿಂತ ಎತ್ತರ ಬೆಳೆಯಿತು. ಸರ್ ಅದನ್ನು ಲೆಕ್ಕದಿಂದ ಬಿಟ್ಟರು. ತೆನೆ ಹಾಲುಗಟ್ಟಿದಾಗ ನಾನು ಆ ಕಡೆ ಹೋಗುವುದನ್ನೇ ನಿಲ್ಲಿಸಿದ್ದೆ.

ಮುಂದೆ ನನಗೆ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಇಲ್ಲೇ ನಿಂತೆ. ಮಕ್ಕಳಿಗೆ ಮಣ್ಣಿನ ಪಾಠ ಹೇಳುವಾಗ ಬರಿಯ ಪಟ್ಟಿಯ ಮಾತು ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಅಲ್ಲಿ ನನ್ನ ಮಾತು ಅವಸರವಾಗುತ್ತದೆ. ಕಾಕಾ ಕಡೆಗೆ ಪುನರ್ವಸತಿ ಕೇಂದ್ರದಲ್ಲೇ ಮನೆ ಮಾಡಿದನೆಂದು ಯಾರಿಂದಲೋ ತಿಳಿದಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರುವಷ್ಟು ದಾರಿ. ಹೋಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದೆ, ಬಿಸಿಲು ಇಳಿಯಲಿ ಎಂದೆ.

ಹೋದ ವಾರ ಜಮಖಂಡಿಯ ಸಂತೆಯಲ್ಲಿ ಹಿಂದಿನಿಂದ ಯಾರೋ ಪದ್ದವ್ವಾ ಎಂದರು. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ. ತಿರುಗಿದರೆ ಚಿಗವ್ವ. ಬೆನ್ನು ಬಾಗಿದೆ, ಹಲ್ಲು ಹೋಗಿವೆ. ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಸೊರಗಿದ್ದೀ, ರೊಟ್ಟಿ ಬಡಿಯುತ್ತೀಯೋ ಮರೆತೆಯೋ ಎಂದು ಕೇಳಿದಳು. ಔಷಧಿ ಒಯ್ಯಲು ಬಂದಿದ್ದಳು. ಕಾಕಾ ಹಾಸಿಗೆ ಹಿಡಿದಿದ್ದಾನೆ. ಅದನ್ನು ಹೇಳಿ, ದನಿ ತಗ್ಗಿಸಿ, ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಅವನು ಆ ಯುಗಾದಿಯಿಂದೀಚೆ ಹಣೆಗೆ ಭಂಡಾರ ಹಚ್ಚಿಲ್ಲ. ಡೊಳ್ಳನ್ನು ತಮ್ಮನ ಮಗನಿಗೆ ಕೊಟ್ಟುಬಿಟ್ಟ, ಒಂದು ಪದ ಹಾಡಿಲ್ಲ. ಮಗನ ಮದುವೆಯಲ್ಲೂ ಗುಡಿಯ ಹೊಸ್ತಿಲ ಹೊರಗೇ ನಿಂತ. ದೇವರ ಮೇಲೆ ಮುನಿಸೇನೋ ಎಂದು ಮನೆಯವರೆಲ್ಲ ಬೇಡಿಕೊಂಡರೂ ಕಾರಣ ಹೇಳಲಿಲ್ಲ.

"ಈಗ ಹಾಸಿಗ್ಯಾಗ ಬಿದ್ದಾನ. ನಾ ಭಂಡಾರ ಹಚ್ಚಾಕ ಹ್ವಾದ್ರ ಮಾರಿ ತಿರುವ್ತಾನವ್ವಾ. ಬೀರಪ್ಪಂತ ಹೆಸರಿಟ್ಕೊಂಡು ಬರೇ ಹಣೀಲೆ ಹೋದ್ರ ಹೆಂಗ?" ನನ್ನ ಕೈ ಹಿಡಿದುಕೊಂಡಳು. "ನಿನ್ನ ಮ್ಯಾಲ ಅವಗ ಜೀವ ಇತ್ತು. ನಿನ್ನ ಮುಂದರ ಏನರ ಅಂದಿದ್ನೇನು? ನಿನಗರ ಗೊತ್ತೈತೇನು?"

ಸಂತೆ, ಗದ್ದಲ, ಕೈಯಲ್ಲಿ ತರಕಾರಿ ಚೀಲ. ಸರ್ ಇರಲಿಲ್ಲ, ಜೀಪು ಇರಲಿಲ್ಲ, ಹೋಗುವ ನೌಕರಿಯೂ ಇರಲಿಲ್ಲ. ಹೆದರಲು ಏನೇನೂ ಇರಲಿಲ್ಲ.

"ನನಗ ಗೊತ್ತಿಲ್ಲ ಚಿಗವ್ವ," ಎಂದೆ.

ಎರಡನೆಯ ಸಲ. ಆಗ ಹಂಗಾಮಿ ಕೆಲಸ ಎಂದು ಒಂದು ನೆಪವಾದರೂ ಇತ್ತು. ಈ ಸಲದ್ದಕ್ಕೆ ಏನೂ ಇಲ್ಲ — ಹುಡುಕಿದೆ, ಇಡೀ ವಾರ ಹುಡುಕಿದೆ. ಅವಳು ತಲೆಯಾಡಿಸಿ ಔಷಧಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಬಸ್ಸಿನ ಕಡೆ ಹೋದಳು. ನಾನು ಮನೆಗೆ ಬಂದು ತರಕಾರಿ ತೊಳೆದಿಟ್ಟೆ, ಮಾರನೆಯ ದಿನ ಪಾಠ ಮಾಡಿದೆ.

ಕಾಕಾ, ನೀನು ಓದುವವನಲ್ಲ. ಇದನ್ನು ನಿನಗಾಗಿ ಬರೆದೆ ಎಂದರೆ ಅದೂ ಒಂದು ಸುಳ್ಳಾದೀತು. ಬರೆದು ಮುಗಿಸಿದರೆ ಹೇಳಿದಂತಾಯಿತು ಎಂದು ಎಲ್ಲಿ ಇಲ್ಲೇ ಕೂತುಬಿಡುತ್ತೇನೋ ಎಂಬ ಹೆದರಿಕೆ ಈಗಾಗಲೇ ಹುಟ್ಟಿದೆ. ಅದಕ್ಕೆ ಸಂಗಪ್ಪನ ಮಗನಿಗೆ ಫೋನು ಮಾಡಿದೆ. ಅವರೂ ಅದೇ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ನಾಳೆ ಬರುತ್ತೇನೆ, ನಿಮ್ಮಪ್ಪನನ್ನು ಬೀರಪ್ಪ ಕಾಕಾನ ಮನೆಗೆ ಕರೆದುಕೊಂಡು ಬಾ, ನಾಲ್ಕು ಜನರಿದ್ದರೆ ಅವರನ್ನೂ ಕರಿ ಎಂದೆ. ಯಾಕ್ರಿ ಎಂದ. ಬಂದು ಹೇಳುತ್ತೇನೆ ಎಂದೆ. ಇನ್ನು ಹಿಂದೆ ಸರಿಯುವಂತಿಲ್ಲ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಚಿಗವ್ವ ಕೊಟ್ಟುಬಿಡುತ್ತಾಳೆ, ಆ ರೊಟ್ಟಿ ಕೊಟ್ಟ ಹಾಗೆ. ನನ್ನ ಮಾತು ಕೇಳಿದ ಮೇಲೆ ಅವನು ಹಣೆ ಮುಂದೆ ಚಾಚುತ್ತಾನೋ, ಮತ್ತೆ ಗೋಡೆಯ ಕಡೆ ಹೊರಳುತ್ತಾನೋ, ಅದೂ ನನ್ನ ಕೈಯಲ್ಲಿಲ್ಲ. ಅವನ ಹಾಸಿಗೆಯ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಹೇಳಬೇಕು. ಬೆಳಗಿನಿಂದ ಈ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಅದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ಕಾಕಾ ಕೇಳಿದ್ದ್ರಿ. ನಾನ ತರಬ್ರಿ ಅಂದಿದ್ದೆ.